ಏಳನೇ ಚಾಪೆಯ ಮೇಲೆ ಕೂತಿರುವ ಸೀಸದ ಪಟ್ಟಿಯವರಿಗೆ

ಮಾನ್ಯ ಸೀಸದ ಪಟ್ಟಿಯವರೇ,

ಪರದೆ ಅಂಗಡಿಯ ಹಿಂದಿನ ಹೊಲಿಗೆ ಕೋಣೆಯಿಂದ ಎಪ್ಪತ್ತೊಂದು ವರ್ಷದ ಅಜ್ಜಿಯೊಬ್ಬಳು ಮೊದಲು ಎರಡೂ ಕೈ ಜೋಡಿಸಿ, ಆಮೇಲೆ ಒಂದು ಕೈ ಬಿಡಿಸಿಕೊಂಡು ಪೆನ್ನು ಹಿಡಿದು ಬರೆಯುವುದೇನೆಂದರೆ, ಇಲ್ಲಿ ನಾವೆಲ್ಲ ಒಣಗಿಕೊಂಡು ಕ್ಷೇಮವಾಗಿದ್ದೇವೆ, ಅಲ್ಲಿ ಕೊಲ್ಲಿಯ ತಳದಲ್ಲಿ ತಾವೆಲ್ಲ ನೆನೆದುಕೊಂಡೇ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ಮನೆಯ ಹಿರಿಯರಾದ ಮೂಲೆಮುಕ್ಕಣ್ಣನವರು ಹೇಗಿದ್ದಾರೆ? ಈಜುಕೊಳದ ನೆಲಕ್ಕೆ ಬಿದ್ದು ಅವರ ಮೂಲೆ ಮುಕ್ಕಾದದ್ದಕ್ಕೆ ನಾನೇ ಕಾರಣಳೆಂಬ ಸಂಕಟ ಇನ್ನೂ ಇದೆ. ಅವಳಿ ಸೋದರರಾದ ಬೋಳಣ್ಣ, ಬೋಳತಮ್ಮ ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡೇ ಇದ್ದಾರಲ್ಲವೇ? ಬಣ್ಣ ಸುಲಿದು ಮೈ ಕಾಣುತ್ತಿದ್ದ ಕಿರಿಯವರಿಗೆ ಥಂಡಿ ಹಿಡಿದಿಲ್ಲ ತಾನೇ? ಬಕಲ್‌ರಾಯರ ಬಾಯಿ ಈಗ ಸರಾಗವಾಗಿ ತೆರೆಯುತ್ತದೆಯೇ? ಕೊನೆಯದಾಗಿ, ಕರೆಯದೆ ಬಂದ ನೆಂಟರಂತೆ ತಮ್ಮ ಅಸ್ತರಿಯೊಳಗೆ ಸೇರಿಕೊಂಡ ಆ ನೂರಿಪ್ಪತ್ತು ಗುಂಡುಮರಿಗಳು ಗಲಾಟೆ ಮಾಡದೆ ಮಲಗಿವೆಯೇ? ಅವುಗಳನ್ನು ತಮ್ಮ ಮಡಿಲಿಗೆ ಹಾಕಿದವಳು ನಾನು. ಅದರ ವಿಚಾರ ಮುಂದೆ ಬರುತ್ತದೆ, ತಲೆ ತಪ್ಪಿಸಿಕೊಳ್ಳುವುದಿಲ್ಲ.

ಈ ಕಡೆಯವರ ಸಮಾಚಾರವನ್ನೂ ತಿಳಿಸಿಬಿಡುತ್ತೇನೆ. ನೀರಿಗಿಳಿಯುವಾಗ ಮುಖಕ್ಕೆ ಹಾಕುವ ಮಾಸ್ಕಮ್ಮನವರು ಬಚ್ಚಲಿನ ಮೊಳೆಗೆ ನೇತುಬಿದ್ದು ಗೋಡೆಯನ್ನೇ ದಿಟ್ಟಿಸುತ್ತಿದ್ದಾರೆ. ಉಸಿರುಕೊಳವೆಯವರಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಕಾಲಿಗೆ ತೊಡುವ ರೆಕ್ಕೆಯವರು ಬಾಗಿಲ ಹಿಂದೆ ಮುನಿಸಿಕೊಂಡ ಗಂಡಹೆಂಡಿರ ಹಾಗೆ ಬೆನ್ನಿಗೆ ಬೆನ್ನು ಹಾಕಿ ನಿಂತಿದ್ದಾರೆ. ನನ್ನ ಮೊಮ್ಮಗಳು ತನ್ನ ರಬ್ಬರ್ ಅಂಗಿಯವರನ್ನು ಮಾತ್ರ ಮಂಗಳವಾರ ಸಂಜೆಯೇ ತೊಳೆದು, ಒರೆಸಿ, ಮಡಚಿ, ಬೀರುವಿನ ಕೆಳಗಿನ ಅರೆಯಲ್ಲಿ ಹಳೆ ಬಟ್ಟೆಗಳ ಜೊತೆ ಇಟ್ಟುಬಿಟ್ಟಿದ್ದಾಳೆ. ರಬ್ಬರ್ ಅಂಗಿಯನ್ನು ಮಡಚಬಾರದು, ಗೆರೆ ಬೀಳುತ್ತದೆ, ತೂಗುಹಾಕಬೇಕು ಎಂದು ನನಗೆ ಹೇಳಿಕೊಟ್ಟವಳೇ ಅವಳು. ಆ ಮಡಿಕೆ ನೋಡಿಯೇ ನನಗೆ ತಮಗೊಂದು ಪತ್ರ ಬರೆಯಬೇಕೆನ್ನಿಸಿದ್ದು.

ಇದು ಖಾಸಗಿ ಪತ್ರವಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುವುದು ಮರ್ಯಾದೆ. ಇದರ ಒಂದು ಪ್ರತಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿನ ಹಲಗೆಗೆ, ಗಿರಾಕಿಗಳ ಕಿಟಕಿ ಅಳತೆಯ ಚೀಟಿಗಳ ಪಕ್ಕದಲ್ಲಿ, ಗುಂಡುಸೂಜಿಯಿಂದ ಚುಚ್ಚುತ್ತೇನೆ. ಮನೆಯವರು, ಗಿರಾಕಿಗಳು, ದಾರದ ಏಜೆಂಟು, ಯಾರು ಬೇಕಾದರೂ ಓದಬಹುದು. ನನ್ನ ಅಕ್ಷರ ಶಾಲೆಯದಲ್ಲ, ಬಟ್ಟೆಯ ಥಾನಿಗೆ ಸುತ್ತಿ ಬರುತ್ತಿದ್ದ ಹಳೆ ಪತ್ರಿಕೆಗಳಿಂದ ಹೆಕ್ಕಿದ್ದು. ಹಾಗಾಗಿ ಮದುವೆ ಸುದ್ದಿ, ಟೆಂಡರು ಪ್ರಕಟಣೆ, ಕಾಣೆಯಾದವರ ವಿವರ ಮೂರೂ ನನ್ನ ಬರವಣಿಗೆಯಲ್ಲಿ ಒಟ್ಟಿಗೇ ಬರುತ್ತವೆ. ಸಹಿಸಿಕೊಳ್ಳಬೇಕು.

ತಾವು ನಮ್ಮ ಮನೆಗೆ ಹೊಸಬರಾದ್ದರಿಂದ ಹಿನ್ನೆಲೆ ಸ್ವಲ್ಪ ಹೇಳಬೇಕಾಗುತ್ತದೆ. ನನ್ನ ಮೊಮ್ಮಗಳು, ಇಪ್ಪತ್ತೈದು ವರ್ಷದವಳು, ಒಂದು ವರ್ಷದಿಂದ ತಾವೀಗ ವಾಸವಾಗಿರುವ ಕೊಲ್ಲಿಯಲ್ಲಿ ಕಡಲಹುಲ್ಲು ನೆಡುವ ಕೆಲಸದಲ್ಲಿದ್ದಾಳೆ. ದೋಣಿಗಳ ಲಂಗರು ಕಿತ್ತು ಬೋಳು ಮಾಡಿದ ಜಾಗದಲ್ಲಿ ಸೆಣಬಿನ ಚಾಪೆ ಹಾಸುವುದು, ಅದಕ್ಕೆ ಹುಲ್ಲಿನ ಸಸಿಗಳನ್ನು ಒಂದೊಂದಾಗಿ ದಾರದಲ್ಲಿ ಕಟ್ಟುವುದು, ಚಾಪೆಯ ನಾಲ್ಕು ಮೂಲೆಗೆ ಗೂಟ ಹೊಡೆಯುವುದು, ಪ್ರತಿ ವಾರ ಹೋಗಿ ಎಷ್ಟು ಬದುಕಿವೆ ಎಂದು ಎಣಿಸುವುದು. ಅವಳ ಅಪ್ಪನಿಗೆ, ಅಂದರೆ ಈ ಅಂಗಡಿ ನಡೆಸುವ ನನ್ನ ಮಗನಿಗೆ, ಇದು ಕೆಲಸವೆಂದು ಅನ್ನಿಸಿಲ್ಲ. "ನೀರೊಳಗೆ ಹುಲ್ಲು ನೆಡೋದಕ್ಕೆ ಇಷ್ಟು ಓದ್ಬೇಕಿತ್ತೇನಮ್ಮಾ? ಇಲ್ಲಿ ನೋಡಿದ್ರೆ ಅಂಗಡೀಲಿ ಒಂದು ಕೈ ಕಡಿಮೆ" ಎನ್ನುವುದು ಅವನ ದಿನದ ಮಂತ್ರ. "ಹುಲ್ಲಿದ್ರೇನೇ ಮೀನು ಮರಿ ಹಾಕೋದು ಅಪ್ಪಾ" ಎನ್ನುವುದು ಅವಳ ಉತ್ತರ. "ಮೀನಿಗೆ ಪರದೆ ಬೇಕಾದ್ರೆ ಹೇಳು, ಹೊಲ್ಕೊಡೋಣ" ಎನ್ನುವುದು ಅವನ ಪ್ರತ್ಯುತ್ತರ. ಕೊನೆಗೆ ಊಟದ ಮೇಜಿನ ಮೇಲೆ ಒಂದು ಒಪ್ಪಂದವಾಯಿತು. ವರ್ಷ ತುಂಬಿದ ಒಂದು ವಾರದೊಳಗೆ ಅಜ್ಜಿ ತಾನೇ ನೀರಿಗಿಳಿದು ನೋಡಿ ಬರಬೇಕು. ಅಜ್ಜಿ ಇದು ಕೆಲಸ ಎಂದರೆ ಅವಳು ಅಲ್ಲೇ ಮುಂದುವರಿಯಬೇಕು, ಆಟ ಎಂದರೆ ಮಾರನೆಯ ದಿನದಿಂದ ಅಂಗಡಿಯ ಅಳತೆ ಟೇಪು ಹಿಡಿಯಬೇಕು. ಇಬ್ಬರೂ ಮಾತು ಕೊಟ್ಟರು. ಮಗ ಅಷ್ಟು ಸುಲಭವಾಗಿ ಒಪ್ಪಿದ್ದು ನನ್ನ ನ್ಯಾಯಬುದ್ಧಿಯನ್ನು ನಂಬಿ ಎಂದು ನಾನು ಎರಡು ದಿನ ಬೀಗಿದೆ. ಅವನು ನಂಬಿದ್ದು ನನ್ನ ಗಾತ್ರವನ್ನು ಎಂಬುದು ನೀರಿಗಿಳಿದ ಮೇಲೆ ತಿಳಿಯಿತು. ಮುಳುಗಲಾರದ ಹೆಂಗಸು ತಳದಲ್ಲಿರುವ ಕೆಲಸಕ್ಕೆ ಹೇಗೆ ಸರ್ಟಿಫಿಕೇಟು ಕೊಟ್ಟಾಳು?

ತಮ್ಮ ಭೇಟಿಯ ಭಾಗ್ಯ ಒದಗಿದ್ದು ದಡದ ಮೇಲಿನ ಬಾಡಿಗೆ ಸಾಮಾನಿನ ಅಂಗಡಿಯಲ್ಲಿ. ಅಲ್ಲಿ ಕೂತಿರುವವನಿಗೆ ನಾನೇ ಇಟ್ಟ ಹೆಸರು ಏನಾಗಲ್ಲಣ್ಣ. ಎಪ್ಪತ್ತೊಂದು ವರ್ಷ ಕಣಪ್ಪ ನನಗೆ ಅಂದೆ, "ಏನಾಗಲ್ಲ ಅಜ್ಜಿ" ಅಂದ. ಮೊಣಕಾಲು ನೋವು ಅಂದೆ, "ಏನಾಗಲ್ಲ ಅಜ್ಜಿ, ನೀರಲ್ಲಿ ಮೊಣಕಾಲು ಯಾರಿಗೆ ಬೇಕು" ಅಂದ. ಈಜು ಬರುತ್ತದೆ, ಮುಳುಗುವುದು ಬರುವುದಿಲ್ಲ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ, ಎಡದಿಂದ ಬಲಕ್ಕೆ ಸ್ವಲ್ಪ ಹೆಚ್ಚು ಹೊತ್ತು ನೋಡಿ, ಒಳಗೆ ಹೋಗಿ ತಮ್ಮನ್ನು ಹೊತ್ತು ತಂದ. ತಲಾ ಒಂದೊಂದು ಕಿಲೋ ತೂಗುವ ನಾಲ್ವರು ಗಣ್ಯರು, ಸೊಂಟಕ್ಕೆ ಕಟ್ಟುವ ಒಂದೇ ಪಟ್ಟಿಗೆ ಸಾಲಾಗಿ ಪೋಣಿಸಿಕೊಂಡು, ಗೋಡೆಗೆ ಹಾಕಿದ ಹಿರಿಯರ ಫೋಟೋದಷ್ಟೇ ಗಂಭೀರವಾಗಿ ಬಂದು ಕೌಂಟರಿನ ಮೇಲೆ ಕೂತಿರಿ. ನಮ್ಮ ಕಸುಬಿನಲ್ಲಿ ಸೀಸಕ್ಕೆ ನಾವು ಕೊಡುವ ಗೌರವ ತಮಗೆ ತಿಳಿಯದು. ನಾನು ತಮ್ಮನ್ನು ಕಂಡ ಕೂಡಲೇ ಕಣ್ಣಿಗೊತ್ತಿಕೊಂಡಿದ್ದೆ.

ಶನಿವಾರ ಅಭ್ಯಾಸಕ್ಕೆಂದು ಈಜುಕೊಳಕ್ಕೆ ಹೋದೆವು. ರಬ್ಬರ್ ಅಂಗಿ ಹಾಕಿರಲಿಲ್ಲ, ಮಾಮೂಲಿ ಈಜುಡುಗೆ, ಸಿಹಿನೀರು. ಮೊಮ್ಮಗಳು ಪರೀಕ್ಷೆ ಹೇಳಿಕೊಟ್ಟಳು: "ತುಂಬ ಉಸಿರು ತಗೊಂಡು ಹಿಡ್ಕೊಂಡು ಅಲ್ಲಾಡದೆ ನಿಂತ್ಕೋ ಅಜ್ಜಿ. ನೀರು ಕಣ್ಣಿನ ಮಟ್ಟಕ್ಕೆ ಬರ್ಬೇಕು. ಉಸಿರು ಬಿಟ್ರೆ ನಿಧಾನಕ್ಕೆ ಕೆಳಗಿಳೀಬೇಕು. ಅದಕ್ಕಿಂತ ಒಂದು ಚೂರೂ ಜಾಸ್ತಿ ತೂಕ ಬೇಡ." ತಮ್ಮಲ್ಲಿ ಇಬ್ಬರೇ ಸಾಕಾದರು. ನಾನು ಕಣ್ಣಿನ ಮಟ್ಟಕ್ಕೆ ನಿಂತೆ, ಇಳಿದೆ, ಎದ್ದೆ, ಬೀಗಿದೆ. ಬೀಗುತ್ತಲೇ, ಇಷ್ಟು ಭಾರವನ್ನು ಹಿಡಿದುಕೊಂಡಿರುವ ಈ ಬಕಲ್‌ರಾಯರು ಎಷ್ಟು ಗಟ್ಟಿಗರಪ್ಪಾ ಎಂದು ಅವರ ನಾಲಗೆಯನ್ನು ಎರಡು ಬೆರಳಲ್ಲಿ ಮುಟ್ಟಿದೆ. ಅಷ್ಟೇ. ಅವರು ತಟ್ಟನೆ ಬಾಯಿ ಬಿಟ್ಟರು, ತಾವು ಅವರ ಸಮೇತ ಜಾರಿ, ಕೊಳದ ನೆಲದ ಮೇಲೆ ಠಣ್ಣೆಂದಿರಿ. ಮೂಲೆಮುಕ್ಕಣ್ಣನವರು ಮುಕ್ಕಾದದ್ದು ಆಗಲೇ. ದಡದಲ್ಲಿದ್ದ ಸೀಟಿಯವನು ಸೀಟಿ ಊದಿದ್ದೇ ಊದಿದ್ದು. ಮೊಮ್ಮಗಳು ಮಾತ್ರ ನಗುತ್ತ, "ಅದು ಹಂಗೇ ಇರ್ಬೇಕು ಅಜ್ಜಿ. ಒಂದೇ ಕೈಲಿ ಎಳೆದ್ರೆ ಬಿಚ್ಕೋಬೇಕು. ಕಷ್ಟ ಅಂತ ಬಂದ್ರೆ ಮೊದ್ಲು ಬಿಡೋದೇ ಅದನ್ನ" ಎಂದಳು. ನಾನು ಹೂಂಗುಟ್ಟಿದೆ. ಮನಸ್ಸಿನಲ್ಲಿ ಮಾತ್ರ, ಎರಡು ಬೆರಳಿಗೆ ಬಿಚ್ಚಿಕೊಳ್ಳುವ ಕೆಲಸ ನನ್ನ ಅಂಗಡಿಯಿಂದ ಹೊರಗೆ ಹೋಗಿದ್ದರೆ ಆ ದಿನವೇ ಬಾಗಿಲು ಹಾಕುತ್ತಿದ್ದೆ ಎಂದುಕೊಂಡೆ. ಐವತ್ತು ವರ್ಷದಲ್ಲಿ ನಾನು ಹೊಲಿದದ್ದು ಬಿಚ್ಚಿಕೊಂಡಿತು ಎಂದು ಒಬ್ಬ ಗಿರಾಕಿ ತಿರುಗಿ ಬಂದಿಲ್ಲ. ಪರದೆ ಹರಿದು ಚಿಂದಿಯಾಗಿದೆ, ಅಂಚು ಮಾತ್ರ ಅಲುಗಿಲ್ಲ.

ಭಾನುವಾರ ಕಡಲು. ಕೊಳದಲ್ಲಿ ಇಬ್ಬರು ಸಾಕಾದ ಮೇಲೆ ಕಡಲಲ್ಲಿ ಏಕೆ ನಾಲ್ವರು ಎಂದು ನಾನು ಹಟ ಹಿಡಿದೆ. ರಬ್ಬರ್ ಅಂಗಿಯೊಳಗೆ ನನ್ನನ್ನು ತುರುಕಲು ಇಪ್ಪತ್ತು ನಿಮಿಷ ಹಿಡಿಯಿತು, ದಿಂಬಿಗೆ ಗವುಸು ಹಾಕಿದವರಿಗೆ ಆ ಶ್ರಮ ಗೊತ್ತು. ನೀರಿಗಿಳಿದೆ. ಇಳಿದೆ ಎನ್ನುವುದು ಮರ್ಯಾದೆಗೆ ಬಳಸಿದ ಮಾತು. ಖಾಲಿ ಎಣ್ಣೆ ಡಬ್ಬದ ಹಾಗೆ ಮೇಲೆಯೇ ಇದ್ದೆ. ಉಸಿರು ಬಿಟ್ಟೆ, ಇದ್ದೆ. ಬೈದೆ, ಇದ್ದೆ. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು, "ಉಪ್ಪುನೀರು ಅಜ್ಜಿ, ಜಾಸ್ತಿ ಎತ್ತತ್ತೆ. ಅದ್ರ ಮೇಲೆ ಈ ಅಂಗಿ ತುಂಬ ಗಾಳಿಗುಳ್ಳೆ. ಕೊಳದ ಲೆಕ್ಕ ಕಡಲಲ್ಲಿ ನಡೆಯಲ್ಲ" ಎಂದು ತಮ್ಮ ಇನ್ನಿಬ್ಬರನ್ನು ಪೋಣಿಸಿದಳು. ಆಗ ನೀರು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬಂತು. ಇನ್ನೇನು, ತಳಕ್ಕೆ ಹೋಗುವುದಷ್ಟೇ ಬಾಕಿ ಎಂದು ತಲೆ ಒಳಗೆ ಹಾಕಿದರೆ, ನನ್ನ ಅರ್ಧ ದೇಹ ಒಳಗೆ ಹೋಗಿ, ಇನ್ನರ್ಧ ದೇಹ ಎರಡು ರೆಕ್ಕೆಗಳ ಸಮೇತ ಆಕಾಶ ಒದೆಯುತ್ತ ಹೊರಗೇ ಉಳಿಯಿತು. ಹನ್ನೊಂದು ಸಲ ಪ್ರಯತ್ನಿಸಿದೆ. ಪಕ್ಕದಲ್ಲಿ ಹಾದುಹೋದ ದೋಣಿಯವರು ಫೋಟೋ ತೆಗೆದುಕೊಂಡರು. "ತೂಕ ಸಾಕು ಅಜ್ಜಿ, ತೂಕದಿಂದ ಇಳಿಯೋದಲ್ಲ ಇದು" ಎಂದು ಮೊಮ್ಮಗಳು ಬಿಡಿಸಿ ಹೇಳಿದಳು. "ಸೊಂಟ ಬಗ್ಗಿಸು, ತಲೆ ನೇರ ಕೆಳಗೆ, ಕಾಲು ಒಟ್ಟಿಗೆ ಮೇಲೆತ್ತು, ಆ ಕಾಲಿನ ಭಾರವೇ ನಿನ್ನನ್ನ ಒಳಗೆ ತಳ್ಳತ್ತೆ. ಕಿವಿ ಒತ್ತಿದ್ರೆ ಮೂಗು ಹಿಡ್ಕೊಂಡು ಊದು. ಅಭ್ಯಾಸ ಬೇಕಷ್ಟೇ, ಇನ್ನೆರಡು ವಾರ ಬಾ." ಎರಡು ವಾರ! ಒಪ್ಪಂದದ ಗಡುವು ಬುಧವಾರಕ್ಕೆ ಮುಗಿಯುತ್ತಿತ್ತು.

ಈಗ ನಾನು ತಮ್ಮಲ್ಲಿ ಒಪ್ಪಿಕೊಳ್ಳಬೇಕಾದ ವಿಷಯ. ನಮ್ಮ ಕಸುಬಿನಲ್ಲಿ ಪರದೆ ನೇರವಾಗಿ ಇಳಿಬೀಳದಿದ್ದರೆ ಅದಕ್ಕೆ ಔಷಧಿ ಒಂದೇ: ಕೆಳಗಿನ ಅಂಚಿನ ಮಡಿಕೆಯೊಳಗೆ ಸಣ್ಣ ಗೋಲಿಯ ಗಾತ್ರದ ಸೀಸದ ಗುಂಡುಗಳನ್ನು ಸಾಲಾಗಿ ಹಾಕಿ ಹೊಲಿಯುವುದು. ಗಾಳಿಗೆ ಹಾರುವ ಪರದೆ ಬಗ್ಗೆ ಯಾರೇ ದೂರು ತಂದರೂ, ಐವತ್ತು ವರ್ಷ ನಾನು ಹೇಳಿದ್ದು ಅದೊಂದೇ ಮಾತು, ಇನ್ನೊಂದು ಹಿಡಿ ಸೀಸ ಹಾಕಿ. ಪರದೆಗೆ ಸೊಂಟ ಬಗ್ಗಿಸಲು ಹೇಳಿಕೊಟ್ಟು ಗೊತ್ತಿಲ್ಲ ನನಗೆ. ಸೋಮವಾರ ತಮಗೆ ದಪ್ಪ ಬಟ್ಟೆಯದೊಂದು ಗವುಸು ಹೊಲಿದೆ. "ಪಟ್ಟಿ ಜಾರತ್ತೆ ಕಣೇ, ಗವುಸಿದ್ರೆ ನಿಲ್ಲತ್ತೆ" ಎಂದು ಮೊಮ್ಮಗಳಿಗೆ ತೋರಿಸಿದೆ. "ಎಷ್ಟು ಚೆನ್ನಾಗಿದೆ ಅಜ್ಜಿ, ಅಂಚು ನೋಡು!" ಎಂದಳು ಪಾಪ. ಅವಳು ಅತ್ತ ಹೋದ ಮೇಲೆ ಅದರ ಅಸ್ತರಿಯೊಳಗೆ ನೂರಿಪ್ಪತ್ತು ಗುಂಡುಗಳನ್ನು, ಎರಡು ಕಿಲೋ ಸರಿಯಾಗಿ, ಸಾಲು ಹಿಡಿಸಿ ಹೊಲಿದುಬಿಟ್ಟೆ. ಗುಂಡುಗಳು ಎಲ್ಲಿಂದ ಬಂದವೆಂಬುದು ಈ ಪತ್ರದ ಕೊನೆಗೆ ತಿಳಿಯುತ್ತದೆ.

ಮಂಗಳವಾರ ಬೆಳಿಗ್ಗೆ ದಡದಲ್ಲಿ ಮೊಮ್ಮಗಳು ಎಂದಿನಂತೆ ಒಂದೊಂದನ್ನೂ ಪರೀಕ್ಷಿಸಿದಳು. ತಮ್ಮನ್ನು ಎತ್ತಿಕೊಳ್ಳಲು ಬಂದಾಗ, "ನಾನೇ ಕಟ್ಕೋತೀನಿ, ಕೈಲಾಗದವಳಲ್ಲ" ಎಂದು ಗದರಿದೆ. ಬಕಲ್‌ರಾಯರನ್ನು ಬಿಚ್ಚಿ ನೋಡಿದಳು, ಹಾಕಿ ನೋಡಿದಳು, ಎಲ್ಲದರ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಏನೂ ಇಲ್ಲ ಎಂದು ಖಚಿತಪಡಿಸಿಕೊಂಡಳು. ಆಮೇಲೆ ಕಿತ್ತಳೆ ಬಣ್ಣದ ತೇಲುಬುರುಡೆ ತರಲೆಂದು ಏನಾಗಲ್ಲಣ್ಣನ ಅಂಗಡಿಗೆ ಹೋದಳು. ಆ ಐದು ನಿಮಿಷದಲ್ಲಿ ನಾನು ಚೀಲದಿಂದ ಸೂಜಿ, ಮೇಣ ಹಚ್ಚಿದ ದಾರ ತೆಗೆದು, ಕೊಳದಲ್ಲಿ ಕೈಕೊಟ್ಟ ಆ ಬಕಲ್‌ರಾಯರ ಬಾಯಿಗೆ, ಪಟ್ಟಿಯ ತುದಿಯನ್ನು ಪಟ್ಟಿಗೇ ಸೇರಿಸಿ, ಜೋಡಿ ದಾರದಲ್ಲಿ ಹದಿನೈದು ಹೊಲಿಗೆ ಹಾಕಿ ಗಂಟು ಬಿಗಿದೆ. ಹೊಲಿಗೆ ಹಾಕುವಾಗ ನನಗಾದ ಸಮಾಧಾನವನ್ನು ಏನೆಂದು ಬರೆಯಲಿ! ಜಗತ್ತಿನಲ್ಲಿ ಬಿಚ್ಚಿಕೊಳ್ಳುವಂತಿದ್ದ ಒಂದು ವಸ್ತು ಕಡಿಮೆಯಾಯಿತಲ್ಲ. ಆಮೇಲೆ ನೀರಿನಲ್ಲಿ ಕಣ್ಣಿನ ಮಟ್ಟದ ಪರೀಕ್ಷೆಯೂ ಆಯಿತು. ಅದರಲ್ಲೂ ಪಾಸಾದೆ, ಏಕೆಂದರೆ ಕೆಳಗೆ ಕಾಣದ ಹಾಗೆ ಕಾಲು ಬಡಿಯುತ್ತಿದ್ದೆ. ಪರೀಕ್ಷೆಯಲ್ಲಿ ನಕಲು ಹೊಡೆಯಲು ಶಾಲೆಗೆ ಹೋಗಿರಬೇಕೆಂದೇನಿಲ್ಲ.

ಇನ್ನು ತಮ್ಮ ಸಾಮರ್ಥ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ಭಾನುವಾರ ಹನ್ನೊಂದು ಸಲ ಆಗದ್ದು ಮಂಗಳವಾರ ಒಂದೇ ಸಲಕ್ಕೆ ಆಯಿತು. ತಲೆ ಒಳಗೆ ಹಾಕಿದ್ದೇ ತಡ, ಬಾವಿಗೆ ಬಿಟ್ಟ ಕೊಡದಂತೆ ಇಳಿದೆ. ಮೂಗು ಹಿಡಿದು ಊದಿದೆ, ಕಿವಿ ಬಿಟ್ಟಿತು, ಕಣ್ಣೆದುರು ಚಾಪೆಗಳ ಎರಡು ಸಾಲು. ಮೇಲಿಂದ ಮಬ್ಬು ಹಸಿರಾಗಿ ಕಂಡದ್ದು ಕೆಳಗೆ ಒಂದೊಂದು ಎಳೆಯಾಗಿ ನಿಂತಿತ್ತು. ನನ್ನ ಬಲಕ್ಕೆ ಏಳನೇ ಚಾಪೆ, ಮೊನ್ನೆ ತಾನೇ ಹಾಸಿದ್ದು. ಪ್ರತಿ ಸಸಿಯ ಬುಡಕ್ಕೂ ನಾನು ಅವಳಿಗೆ ಎಂಟನೇ ವಯಸ್ಸಿನಲ್ಲಿ ಗುಂಡಿ ಹೊಲಿಯಲು ಹೇಳಿಕೊಟ್ಟ ಗಂಟು, ಒಂದೇ ಅಳತೆ, ಒಂದೇ ಬಿಗಿ, ಸಾಲು ಎಲ್ಲೂ ಸೊಟ್ಟಗಿಲ್ಲ. ಎಡಕ್ಕೆ ಮೊದಲನೇ ಚಾಪೆ, ವರ್ಷದ ಹಿಂದಿನದು. ಅದರಲ್ಲಿ ಗಂಟುಗಳನ್ನು ಹುಡುಕಿದೆ. ಒಂದು ಗಂಟೂ ಉಳಿದಿರಲಿಲ್ಲ! ದಾರವೆಲ್ಲ ಕರಗಿಹೋಗಿತ್ತು. ಅಯ್ಯೋ, ಬರೀ ಹತ್ತಿದಾರದಲ್ಲಿ ಕಟ್ಟಿದ್ದಾಳಲ್ಲ ಈ ಹುಡುಗಿ, ನೀರಿಗೆ ನಿಲ್ಲುತ್ತದೆಯೇ, ಇದು ಕೆಲಸವಲ್ಲ ಆಟವೇ ಎಂದು ತೀರ್ಪು ಬಾಯಿಗೆ ಬಂತು. ನೀರೊಳಗೆ ಬಾಯಿ ತೆರೆಯುವಂತಿಲ್ಲವಾದ್ದರಿಂದ ಉಳಿದುಕೊಂಡಿತು. ಇನ್ನೊಮ್ಮೆ ನೋಡಿದೆ. ಗಂಟು ಹೋಗಿತ್ತು, ಹುಲ್ಲು ಹೋಗಿರಲಿಲ್ಲ. ಬೇರು ಚಾಪೆಯನ್ನು ತೂರಿಕೊಂಡು ತಳವನ್ನೇ ಹಿಡಿದು, ಯಾರ ದಾರದ ಹಂಗೂ ಇಲ್ಲದೆ ಎದ್ದು ನಿಂತಿತ್ತು. ಆ ಹುಲ್ಲಿನೊಳಗೆ ಉಗುರಿನಷ್ಟುದ್ದದ ಮೀನುಮರಿಗಳು, ನೂರಾರು. ಅವಳು ಹತ್ತಿದಾರ ಬಳಸಿದ್ದು ತಿಳಿಯದೆ ಅಲ್ಲ, ತಿಳಿದು.

ಇದನ್ನು ಹೇಳಬೇಕೆಂದು ಮೇಲೆ ಹೊರಟೆ. ತಾವು ಒಪ್ಪಲಿಲ್ಲ. ಇಳಿಯುವಾಗ ಇದ್ದ ಸ್ನೇಹ ಏರುವಾಗ ಇರಲಿಲ್ಲ. ಎರಡಾಳು ಆಳದಲ್ಲಿ ನೀರು ರಬ್ಬರ್ ಅಂಗಿಯ ಗಾಳಿಗುಳ್ಳೆಗಳನ್ನು ಹಿಂಡಿ, ಅಂಗಿಯ ಎತ್ತುವ ಶಕ್ತಿಯನ್ನು ಕಿತ್ತುಕೊಳ್ಳುತ್ತದೆಯಂತೆ. ಮೇಲೆ ಭಾರವಾಗಿದ್ದವಳು ಕೆಳಗೆ ಮತ್ತೂ ಭಾರವಾಗುತ್ತಾಳಂತೆ. ಮೊಮ್ಮಗಳು ಭಾನುವಾರವೇ ಹೇಳಿದ್ದಳು, ನಾನು ಆಗ ದೋಣಿಯವರ ಫೋಟೋದ ಚಿಂತೆಯಲ್ಲಿದ್ದೆ. ಕಾಲು ಬಡಿದೆ, ಒಂದು ಗೇಣು ಎದ್ದೆ, ಎರಡು ಗೇಣು ಕುಸಿದೆ. ಉಸಿರು ಮುಗಿಯುತ್ತ ಬಂತು. ಅವಳು ಮೇಲಿಂದ ಬಾಣದ ಹಾಗೆ ಬಂದು ನನ್ನ ಕಂಕುಳಿಗೆ ಕೈ ಹಾಕಿ, ಬಕಲ್ ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಆ ಗಾಜಿನ ಹಿಂದೆ ಅವಳ ಕಣ್ಣು ನೋಡಿದೆ ನಾನು. ಅದನ್ನು ಅಣಕದಲ್ಲಿ ಬರೆಯಲು ನನಗೆ ಬರುವುದಿಲ್ಲ. ಬಿಟ್ಟುಬಿಡುತ್ತೇನೆ.

ನನ್ನನ್ನೂ ತಮ್ಮನ್ನೂ ಒಟ್ಟಿಗೆ ಒದ್ದುಕೊಂಡು ಮೇಲೆ ತಂದಳು. ಮೇಲೆ ಬಂದ ಮೇಲೂ ತಾವು ನನ್ನನ್ನು ಕೆಳಗೇ ಕರೆಯುತ್ತಿದ್ದಿರಿ. ಅವಳು ತೇಲುಬುರುಡೆಯ ಆಸರೆಯಲ್ಲಿ ಅಂಗಾತ ಮಲಗಿ, ನನ್ನ ಗದ್ದವನ್ನು ಅಂಗೈಯಲ್ಲಿ ಎತ್ತಿ ಹಿಡಿದು, "ಬಕಲ್ ಬಿಚ್ಚು ಅಜ್ಜಿ, ಬಕಲ್ ಬಿಚ್ಚು!" ಎಂದು ಕೂಗಿದಳು. ಒಂದು ಗುಟುಕು ಉಪ್ಪುನೀರು ಕುಡಿದು ನಾನು ಕೊಟ್ಟ ಉತ್ತರವನ್ನು ಜನ ಇನ್ನು ಹತ್ತು ವರ್ಷ ಆಡಿಕೊಂಡು ನಗಬೇಕು: "ಅದು ಬಿಚ್ಚಲ್ಲ ಕಣೇ, ನಾನೇ ಹೊಲಿದಿದ್ದೀನಿ." ಹೇಳುವಾಗ ಧ್ವನಿಯಲ್ಲಿ ಸ್ವಲ್ಪ ಜಂಬವೂ ಇತ್ತೆಂದು ಕಾಣುತ್ತದೆ. ಅವಳು ನನ್ನ ಗದ್ದವನ್ನು ಇನ್ನಷ್ಟು ಎತ್ತಿ, "ಹಂಗಾದ್ರೆ ನೀನೇ ಬಿಚ್ಚು. ನಾನು ಹಿಡ್ಕೊಂಡಿದ್ದೀನಿ. ಆತುರ ಬೇಡ" ಎಂದಳು. ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ ನನ್ನ ಕುತ್ತಿಗೆಯ ದಾರದಲ್ಲಿ ಯಾವಾಗಲೂ ಇರುತ್ತದೆ, ಬೇರೆಯವರ ಹೊಲಿಗೆ ಬಿಚ್ಚಲು. ನೀರೊಳಗೆ ಕಣ್ಣು ಕಾಣದೆ, ಬೆರಳಿಂದಲೇ ತಡಕಿ, ನನ್ನ ಹದಿನೈದು ಹೊಲಿಗೆಯನ್ನು ಒಂದೊಂದಾಗಿ ಕಿತ್ತೆ. ಅವಳು ಮೇಲಿನಿಂದ ಎಣಿಸುತ್ತಿದ್ದಳು, ಸಸಿ ಎಣಿಸುವ ಧ್ವನಿಯಲ್ಲಿ, ಒಂದು ಚೂರೂ ನಡುಗದೆ. ಹದಿನಾಲ್ಕನೆಯದು ಗಟ್ಟಿಯಿತ್ತು. ಹದಿನೈದಕ್ಕೆ ಬಕಲ್‌ರಾಯರು ಬಾಯಿ ಬಿಟ್ಟರು, ತಾವು ನಾಲ್ವರೂ ನೆಂಟರಿಷ್ಟರ ಸಮೇತ ಇಳಿದುಹೋದಿರಿ, ನಾನು ಖಾಲಿ ಎಣ್ಣೆ ಡಬ್ಬವಾಗಿ ಮತ್ತೆ ತೇಲಿದೆ. ನನ್ನ ಗಾತ್ರದ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಇಷ್ಟರವರೆಗಿನದು ತಮ್ಮ ವಿರುದ್ಧದ ದೂರು. ಮುಂದಿನದು ಯಾರ ವಿರುದ್ಧವೆಂದು ಓದುವವರೇ ತೀರ್ಮಾನಿಸಲಿ. ನಾವು ಮನೆ ಸೇರುವುದರೊಳಗೆ ಏನಾಗಲ್ಲಣ್ಣ ನನ್ನ ಮಗನಿಗೆ ಫೋನು ಮಾಡಿ, ಜೀವನದಲ್ಲಿ ಮೊದಲ ಸಲ, ಏನೋ ಆಯಿತು ಎಂದಿದ್ದ. ಮಗ ಬಾಗಿಲಲ್ಲೇ ನಿಂತಿದ್ದ. ಹೇಗಾಯಿತು ಎಂದು ಕೇಳಿದ. ನಾನು ಬಿಸಿನೀರಿನ ಲೋಟದೊಳಗೆ ನೋಡುತ್ತಿದ್ದೆ. ಮೊಮ್ಮಗಳು, "ಪಟ್ಟಿ ನಾನೇ ಸರಿಯಾಗಿ ನೋಡ್ಲಿಲ್ಲ ಅಪ್ಪಾ" ಎಂದಳು. ಒಂದೇ ಮಾತು. ಹೊಲಿಗೆಯ ವಿಷಯ ಎತ್ತಲಿಲ್ಲ, ನಮ್ಮನ್ನು ಎತ್ತಿಕೊಂಡ ದೋಣಿಯಲ್ಲಿ ನಾನು ಒಪ್ಪಿಕೊಂಡಿದ್ದ ಗುಂಡಿನ ವಿಷಯ ಎತ್ತಲಿಲ್ಲ, ನನ್ನ ಮುಖ ಕೂಡ ನೋಡಲಿಲ್ಲ. "ಅಜ್ಜೀನೇ ನೋಡ್ಕೊಳ್ಳೋಕಾಗದವಳು ನೀರಲ್ಲಿ ಏನು ಕೆಲಸ ಮಾಡ್ತೀಯೇ? ಸಾಕು. ಸೋಮವಾರ ಹೋಗಿ ಬಿಡ್ತೀನಿ ಅಂತ ಬರೆದುಕೊಟ್ಟು ಬಾ" ಎಂದ ಅವನು. ಅವಳು ತಲೆಯಾಡಿಸಿದಳು. ನಾನು ಬಿಸಿನೀರು ಕುಡಿದೆ. ಬುಧವಾರವೂ ಕುಡಿದೆ, ಗುರುವಾರವೂ ಕುಡಿದೆ. ಇವತ್ತು ಶುಕ್ರವಾರ. ಈ ಪತ್ರ ಬರೆಯುವಾಗ ಅವಳು ಮುಂದಿನ ಕೋಣೆಯಲ್ಲಿ ಒಬ್ಬ ಗಿರಾಕಿಯ ಹತ್ತಿರ ಕಿಟಕಿಯ ಉದ್ದ ಕೇಳಿ ಬರೆದುಕೊಳ್ಳುತ್ತಿದ್ದಾಳೆ. ಮೂರು ದಿನದಿಂದ ಅವಳ ಬಾಯಲ್ಲಿ ಅಳತೆ ಬಿಟ್ಟು ಬೇರೆ ಮಾತಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು ಹೀಗಿವೆ. ತಾವು ದಯವಿಟ್ಟು ಒಂದು ಸಾಲಿನ ಹೇಳಿಕೆ ಕೊಟ್ಟು, ತಮ್ಮ ತೂಕ ನಾಲ್ಕೇ ಕಿಲೋ ಎಂದೂ, ಮಿಕ್ಕ ಎರಡು ಕಿಲೋ ಅಜ್ಜಿಯ ಬುದ್ಧಿಯದೆಂದೂ ದೃಢಪಡಿಸಬೇಕು. ಬಕಲ್‌ರಾಯರು ಪ್ರತ್ಯೇಕವಾಗಿ, ತಮ್ಮ ಬಾಯಿ ಹುಟ್ಟಿನಿಂದ ಒಂದೇ ಕೈಗೆ ತೆರೆಯುತ್ತಿತ್ತೆಂದೂ, ಮಂಗಳವಾರ ಬೆಳಿಗ್ಗೆ ಮೊಮ್ಮಗಳು ಅದನ್ನು ತೆರೆದು ನೋಡಿದ್ದಳೆಂದೂ ಪ್ರಮಾಣ ಮಾಡಬೇಕು. ಸಾಧ್ಯವಾದರೆ ಕಡಲಿನವರ ಜೊತೆ ಮಾತಾಡಿ, ಎಪ್ಪತ್ತು ದಾಟಿದವರ ಮಟ್ಟಿಗಾದರೂ ಉಪ್ಪುನೀರು ಸಿಹಿನೀರುಗಳು ಒಂದೇ ಲೆಕ್ಕದಲ್ಲಿ ಎತ್ತುವಂತೆ ಏರ್ಪಾಡು ಮಾಡಿಸಬೇಕು. ಇವು ಆಗದ ಕೆಲಸ ಎನ್ನುವುದಾದರೆ ಕೊನೆಯದೊಂದನ್ನಾದರೂ ನಡೆಸಿಕೊಡಿ. ತಾವು ಬಿದ್ದದ್ದು ಏಳನೇ ಚಾಪೆಯ ಬಲ ಅಂಚಿನ ಮೇಲೆ. ಮಂಗಳವಾರ ಆ ದೋಣಿಯಲ್ಲಿ ಕೂತು ನಡುಗುತ್ತಿರುವಾಗಲೂ ಅವಳು ಮಾಸ್ಕಿನ ಗಾಜನ್ನು ನೀರಿಗೊತ್ತಿ ಕೆಳಗೆ ನೋಡಿ, ಹನ್ನೊಂದು ಸಸಿ ತಮ್ಮಡಿ ಸಿಕ್ಕಿವೆ ಎಂದು ಎಣಿಸಿಟ್ಟಳು. ಮೂರು ದಿನವಾಯಿತು. ಹುಲ್ಲಿನ ಮೇಲೆ ಸೀಸ ಹೆಚ್ಚು ದಿನ ಕೂರಬಾರದು.

ತಮ್ಮನ್ನು ಅಲ್ಲಿಂದ ಎಬ್ಬಿಸಿ ತರಲು ನಮ್ಮ ಮನೆಯಲ್ಲಿ ಒಬ್ಬಳಿಗೇ ಬರುತ್ತದೆ. ಸೋಮವಾರ ಬೆಳಿಗ್ಗೆ ಅವಳು ಬರುತ್ತಾಳೆ. ಅವಳ ಕೈಯಲ್ಲಿ ಯಾವ ರಾಜೀನಾಮೆ ಕಾಗದವೂ ಇರುವುದಿಲ್ಲ. ಹನ್ನೊಂದು ಹೊಸ ಸಸಿ, ಒಂದು ಉಂಡೆ ಹತ್ತಿದಾರ ಇರುತ್ತದೆ. ಒಪ್ಪಂದದ ಪ್ರಕಾರ ತೀರ್ಪು ಹೇಳಬೇಕಾದವಳು ನಾನು, ಇನ್ನೂ ಹೇಳಿರಲಿಲ್ಲ. ಈಗ ಗಿರಾಕಿಗಳೆದುರು ಹಲಗೆಯ ಮೇಲೆ ಹೇಳುತ್ತಿದ್ದೇನೆ. ನಾನು ನೋಡಿ ಬಂದೆ. ಅದು ಕೆಲಸ. ಮೊದಲನೇ ಚಾಪೆಯ ಮೇಲೆ ನಿಂತಿರುವಂಥ ಕೆಲಸವನ್ನು ನಾನು ಐವತ್ತು ವರ್ಷದಲ್ಲಿ ಒಂದೂ ಮಾಡಿಲ್ಲ.

ಅವಳು ಬಂದಾಗ ಗಲಾಟೆ ಮಾಡದೆ ಎದ್ದು ಬನ್ನಿ. ಅದಕ್ಕೆ ಮೊದಲು, ಆದಷ್ಟು ಬೇಗ, ಒಂದು ಸಾಲಾದರೂ ಉತ್ತರ ಬರೆಯಿರಿ.

ಅರ್ಧ ಗಂಟೆ ಕಾಲ ತಮ್ಮನ್ನು ಬಿಡಲಾರದೆ ಸೊಂಟಕ್ಕೆ ಕಟ್ಟಿಕೊಂಡಿದ್ದ,
ಹದಿನೈದು ಹೊಲಿಗೆಯಷ್ಟು ತಮ್ಮ ವಿಶ್ವಾಸಿ,
ಪರದೆ ಅಂಗಡಿಯ ಅಜ್ಜಿ

ತಾ.ಕ.: ಇದು ನನ್ನ ಮಗನಿಗೆ. ಆ ನೂರಿಪ್ಪತ್ತು ಗುಂಡುಗಳನ್ನು ನಾನು ಬಿಚ್ಚಿಕೊಂಡದ್ದು ನಿನ್ನ ಅಂಗಡಿಯ ಮುಂಬಾಗಿಲಿನ ಗಾಜಿನಲ್ಲಿ ನಮ್ಮ ಕೆಲಸದ ಮಾದರಿ ಎಂದು ನೀನು ತೂಗುಹಾಕಿರುವ ಆ ದೊಡ್ಡ ಪರದೆಗಳ ಅಂಚಿನಿಂದ. ಸೋಮವಾರದಿಂದ ಅವು ಫ್ಯಾನಿನ ಗಾಳಿಗೆ ಬೀದಿಯವರೆಲ್ಲ ನೋಡುವಂತೆ ಹಾರುತ್ತಿವೆ, ಮಗಳ ಕೆಲಸದಲ್ಲಿ ತಪ್ಪು ಕಂಡ ನಿನ್ನ ಕಣ್ಣಿಗೆ ಅದೊಂದು ಬಿದ್ದಿಲ್ಲ. ಅಂಗಡಿಯಲ್ಲಿ ಒಂದು ಕೈ ಕಡಿಮೆ ಎನ್ನುತ್ತಿದ್ದೆಯಲ್ಲ, ಇನ್ನೊಂದು ಜೊತೆ ಕಣ್ಣೂ ಕಡಿಮೆ ಇದೆ. ಭಾನುವಾರ ಕೂತು ಆ ಅಂಚನ್ನು ನೀನೇ ಹೊಲಿ. ಹೊಲಿದ ಮೇಲೆ ಬೀರುವಿನ ಕೆಳಗಿನ ಅರೆಯಿಂದ ಆ ರಬ್ಬರ್ ಅಂಗಿಯನ್ನು ತೆಗೆದು, ಮಡಿಕೆ ಬಿಡಿಸಿ, ಅವಳ ಕೋಣೆಯ ಬಾಗಿಲಿಗೆ ತೂಗುಹಾಕು. ಸೀಸದವರಿಗೆ ಕೈಯಿಲ್ಲ, ಅವರು ಉತ್ತರ ಬರೆಯುವುದು ತಡವಾದೀತು. ನಿನಗಿದೆ. ಸೋಮವಾರದೊಳಗೆ ಈ ಪತ್ರದ ಕೆಳಗೆ ಒಂದು ಸಾಲು ಬರಿ, ಅವಳು ಮನೆ ಬಿಡುವ ಮೊದಲು ಓದುವ ಹಾಗೆ.